ಅಕ್ರೋಟು ಮರದಾಚೆಯ ಎರಡು ಸಾಲು

ಫ್ರಾನ್ಸಿನ ದ್ರಾಕ್ಷಿ ಸೀಮೆ ಅಲ್ಸಾಸ್‌ನ ಹಳ್ಳಿಯೊಂದರ ಬ್ರೆಡ್ ಅಂಗಡಿಯಲ್ಲಿ, ಸರದಿಗೆ ಕಾಯುತ್ತಿದ್ದ ಸೊಲಾಂಜಳ ಮುಂದೆ ಅಕ್ಕ-ತಮ್ಮ ನಿಂತಿದ್ದರು, ಲಿಯೋನಿ ಮತ್ತು ಅಲೋಯ್ಸ್. ತಾವು ಪಿಸುಗುಟ್ಟುತ್ತಿದ್ದೇವೆಂದೇ ಅವರು ತಿಳಿದಿದ್ದರು. ಅಂಗಡಿಗೆಲ್ಲ ಕೇಳುತ್ತಿತ್ತು.

“ನಮ್ಮ ಹೊಸ ಎಡೆಲ್ಟ್ಸ್ವಿಕರ್ ವೈನ್ ಕುಡಿದೆ, ಅಕ್ಕಾ. ಅಪ್ಪನ ಕಾಲದ ಘಮಾನೇ ಇಲ್ಲ, ಬರೀ ಹುಳಿ. ಒಂದು ವರ್ಷ ನಾನು ಕಾಲು ಮುರ್ಕೊಂಡು ಮಲಗಿದ್ದಕ್ಕೆ ಹಿಂಗಾ ಮಾಡೋದು?”

“ಅಪ್ಪ ಮಾಡ್ತಿದ್ದಂಗೇ ಮಾಡಿದೀನಿ ಕಣೋ. ತೋಟದಲ್ಲಿರೋ ಎಲ್ಲ ಜಾತಿ ದ್ರಾಕ್ಷಿನೂ ಒಂದೇ ದಿನ ಕೊಯ್ಸಿ, ಒಟ್ಟಿಗೆ ಹಿಂಡಿಸಿದೆ. ಸಿಹಿ ಒಂಚೂರೂ ಉಳೀದಂಗೆ ಹುದುಗಿಸಿದೀನಿ.”

“ಮಸ್ಕಾ ದ್ರಾಕ್ಷಿ ಸೇರಿಸಿದ್ಯಾ? ಘಮ ಬರೋದೇ ಅದರಿಂದ.”

“ನಮ್ಮಲ್ಲಿ ಮಸ್ಕಾ ಎಲ್ಲಿದೆಯೋ?”

“ಅಕ್ರೋಟು ಮರದಾಚೆ, ಎರಡು ಸಾಲು! ಚಿಕ್ಕವನಿದ್ದಾಗಿಂದ ಅಪ್ಪನ ಜೊತೆ ನಾನೇ ಕೊಯ್ದಿದೀನಿ.”

ಲಿಯೋನಿ ಬುಟ್ಟಿಯನ್ನು ಎದೆಗೆ ಅವುಚಿಕೊಂಡಳು.

“ಗಡಿಕಲ್ಲು ಮರದ ಈಚೆಗಿದೆ. ಆ ಸಾಲು ಪಕ್ಕದ ತೋಟದ ವೆಂಡ್ಲಿಂಗ್ ಮಾಮಂದು.”

“ಏನಂದೆ?”

“ಅಯ್ಯೋ ದೇವರೇ! ಪ್ರತಿ ವರ್ಷ ಮಾಮ ಹಕ್ಕಿಗಳಿಗೆ ಹಿಡಿಶಾಪ ಹಾಕೋರು. ‘ನನ್ನ ಮಸ್ಕಾನ ನಾನು ಕೊಯ್ಯೋಕ್ಮುಂಚೆನೇ ಎಲ್ಲ ತಿಂದು ಮುಗಿಸ್ತಾವೆ’ ಅಂತ.”

“ಆ ಹಕ್ಕಿ ನಾನೇನಾ?”

“ಮೆತ್ತಗೆ ಮಾತಾಡೋ!”

“ಅಪ್ಪಂಗೆ ಗಡಿ ಗೊತ್ತಿರ್ಲಿಲ್ಲ ಅನ್ಸುತ್ತೆ, ಪಾಪ.”

“ಕ್ರಿಸ್‌ಮಸ್ಸಿಗೆ ಮಾಮ ನಮ್ಮನೇಲಿ ಅದೇ ವೈನ್ ಕುಡಿದು, ‘ಇಂಥ ಘಮ ನನ್ನ ವೈನಿಗೆ ಯಾಕಪ್ಪಾ ಬರಲ್ಲ?’ ಅಂತ ಕೇಳೋರಲ್ಲ, ಮರೆತ್ಯಾ?”

“ಅದಕ್ಕೆ ಅಪ್ಪ ಏನನ್ನೋರು?”

“ತಲೆ ತಗ್ಗಿಸ್ಕೊಂಡು ಇನ್ನೊಂದು ಲೋಟ ತುಂಬಿ ಕೊಡೋರು.”

ಅವರ ಸರದಿ ಬಂದಿತ್ತು. ಇಬ್ಬರೂ ಬ್ರೆಡ್ ಕೊಳ್ಳದೆಯೇ ಬಾಗಿಲು ದಾಟಿ ಹೋದರು.