ನೀರುನಾಯಿಗೆ ಬಿಸ್ಕತ್ತು

ಚುಚ್ಚುಮದ್ದಿನ ಕೋಣೆಯ ಹೊರಗೆ ಬೇಕಾದಷ್ಟು ಕುರ್ಚಿಗಳು ಖಾಲಿ. ಆದರೂ ನನ್ನೆದುರಿನ ಗಂಡಸು ನಿಂತೇ ಇದ್ದ. ಹೆಂಡತಿ ಆರಾಮಾಗಿ ಕೂತಿದ್ದಳು.

"ಕೂತ್ಕೊಳ್ರೀ," ಅಂದಳು ಆಕೆ.

"ಗಾಯಕ್ಕೆ ಉಪ್ಪು ಸವರ್ಬೇಡ."

"ಕೆರೆ ಹತ್ರ ಅಷ್ಟು ದೊಡ್ಡ ಬೋರ್ಡ್ ಇತ್ತಲ್ಲ, ನೀರುನಾಯಿ ಇದೆ, ಹತ್ತಿರ ಹೋಗ್ಬೇಡಿ ಅಂತ."

"ನಾಯಿ ಅಂತ ತಾನೇ ಇದ್ದಿದ್ದು? ಹುಟ್ಟಿದಾಗಿಂದ ನಾಯಿ ಸಾಕಿದೋನು ನಾನು. ನನಗೇ ಹೇಳ್ಕೊಡ್ತೀಯಾ?"

"ಅದಕ್ಕೇ ಬಿಸ್ಕತ್ತು ತೋರಿಸಿ, 'ಬಾ ಮರಿ, ಶೇಕ್ ಹ್ಯಾಂಡ್ ಕೊಡು' ಅಂದ್ರಾ?"

"ಅದು ಹಲ್ಲು ಕಿರಿದಾಗ ನಿನಗೆ ಅಡ್ಡ ನಿಂತೋನು ಯಾರು?"

"ನೀವೇ, ಪಾಪ."

"ನಿಮ್ಮಪ್ಪನ ಎದುರಿಗೂ ಹಾಗೇ ಹೇಳು."

ನರ್ಸ್ ಬಾಗಿಲು ತೆರೆದಳು. "ನಾಯಿ ಕಚ್ಚಿರೋದು ಯಾರಿಗೆ?"

"ನೀರುನಾಯಿ," ಆತ ಗತ್ತಿನಿಂದ ತಿದ್ದಿದ.

"ಎಲ್ಲಿ ಕಚ್ಚಿದ್ದು?"

"ಕೆರೆ ದಂಡೇಲಿ."

"ಮೈಮೇಲೆ ಎಲ್ಲಿ, ಸ್ವಾಮಿ?"

ಆತ ಗೋಡೆ ನೋಡತೊಡಗಿದ.

"ಹಿಂದುಗಡೆ, ಸಿಸ್ಟರ್," ಅಂದಳು ಹೆಂಡತಿ. "ನನಗೆ ಅಡ್ಡ ನಿಂತಿದ್ರು."

ನರ್ಸ್ ನಗು ನುಂಗಿಕೊಂಡು ಒಳಗೆ ಬನ್ನಿ ಅಂದಳು. ಅವಳ ಕೈಯಲ್ಲಿದ್ದ ಸೂಜಿ ಕಂಡದ್ದೇ ತಡ, ಆತ ಬಾಗಿಲಲ್ಲೇ ಪಕ್ಕಕ್ಕೆ ಸರಿದ.

"ನೀನು ಮುಂದೆ ನಡಿ," ಅಂದ ಹೆಂಡತಿಗೆ.