ಹನ್ನೊಂದನೇ ಹಾಸಿಗೆ

ಹಾಗಲ್ಲ, ನೀನೂ ಬಲಕ್ಕೇ ತಿರುಗಿಸಬೇಕು. ಎದುರುಬದುರು ನಿಂತಾಗ ನಿನ್ನ ಬಲ ನನಗೆ ಎಡ, ಅದಕ್ಕೇ ಬಟ್ಟೆ ಹುರಿಗೊಳ್ಳೋದು. ನೀನು ಎಡಕ್ಕೆ ತಿರುಗಿಸಿದರೆ ಶೀಟು ಸುಮ್ಮನೆ ಉರುಳುತ್ತೆ, ಒಂದು ಹನಿಯೂ ಬೀಳಲ್ಲ. ಹಾಂ... ಈಗ ನೋಡು, ಹೇಗೆ ಇಳೀತಿದೆ ನೀರು.

ಮುಖ ಯಾಕೆ ಹಾಗೆ ಮಾಡ್ತೀಯಾ? ಮೂವತ್ತೆರಡು ವರ್ಷದ ಸಂಸಾರದಲ್ಲಿ ಒಂದು ಕರ್ಚೀಫು ಹಿಂಡದವನು ಇವತ್ತು ಪಾಠ ಹೇಳೋಕೆ ನಿಂತ ಅಂತ ತಾನೇ? ಹೇಳ್ತೀನಿ. ಹೇಳೋ ಅರ್ಹತೆ ಈಗ ಇದೆ. ಮೆಷಿನ್ ಕೆಟ್ಟಿದೆ, ಒಂದು ತುದಿ ಹಿಡೀರಿ ಅಂತ ಕರೆದವಳು ನೀನೇ. ಕರೆದ ಮೇಲೆ ಕೇಳಬೇಕು.

ಇಲ್ಲ, ಆ ವಿಷಯ ಈಗ ಬೇಡ. ಗೊತ್ತು, ನನಗೆ ಮರೆವಿಲ್ಲ. ನಾನು ಬಂದ ದಿನ ನೀನು ಬಾಯಲ್ಲಿ ಕೇಳಿದೆ, ನಿನ್ನೆಯೂ ಕೇಳಿದೆ, ಇವತ್ತು ಬೆಳಿಗ್ಗೆ ಬರೀ ಕಣ್ಣಲ್ಲಿ ಕೇಳಿದೆ. ಮಗಳು ಶನಿವಾರ ಕೆಲಸದ ಮೇಲೆ ಈ ಊರಿಗೆ ಬರ್ತಾಳೆ, ಮನೆಗೆ ಬರಲಾ ಅಂತ ಕೇಳ್ತಿದ್ದಾಳೆ. ಹೂಂ ಅನ್ನಬೇಕು ಇಲ್ಲ ಉಹೂಂ ಅನ್ನಬೇಕು. ಅನ್ನುತ್ತೇನೆ. ಅದಕ್ಕೊಂದು ಹೊತ್ತಿದೆ. ಮೊದಲು ಈ ತಲೆನೋವು ಇಳಿಸಿಕೊಳ್ಳೋಕೆ ಬಿಡು. ಭಾನುವಾರ ಚರ್ಚಿನಲ್ಲಿ ಅಯ್ಯನವರು ನನ್ನನ್ನ ಸಭೆಯ ಮುಂದೆ ನಿಲ್ಲಿಸ್ತಾರಂತೆ. ಪರದೇಶದ ಸೇವೆಯಲ್ಲಿ ಕರ್ತರು ನಿಮಗೆ ಏನು ಕಲಿಸಿದರು, ಹತ್ತು ನಿಮಿಷ ಸಾಕ್ಷಿ ಹೇಳಿ ಅಂತ. ಏನು ಹೇಳಲಿ? ಬಟ್ಟೆ ಒಗೆದೆ ಅಂತಲಾ?

ಆ ಪರದೇಶದ ತಂಡಕ್ಕೆ ನನ್ನನ್ನ ಯಾಕೆ ಆರಿಸಿದರು, ನೀನೇ ಹೇಳು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದವನು, ಮಿಷನ್ ಆಸ್ಪತ್ರೆಯ ಉಗ್ರಾಣ ಸರಿ ಮಾಡಿ ಕೊಡ್ತಾನೆ ಅಂತ. ನಾನು ಫಾರಂಗಳನ್ನೆಲ್ಲ ಸಿದ್ಧ ಮಾಡಿಕೊಂಡು ಹೋದೆ. ಅಲ್ಲಿ ನೋಡಿದರೆ ಉಗ್ರಾಣಕ್ಕೆ ಆಗಲೇ ಇಬ್ಬರಿದ್ದಾರೆ! ಮೇಟ್ರನ್ ನನ್ನನ್ನ ಮೇಲಿಂದ ಕೆಳಗೆ ನೋಡಿ, ಕೈ ಗಟ್ಟಿ ಇದೆಯಾ ಅಂತ ಕೇಳಿದರು. ಗಟ್ಟಿ ಇದೆ ಅಂದೆ. ಅಷ್ಟಕ್ಕೇ ನನ್ನ ಹಣೆಬರಹ ತೀರ್ಮಾನವಾಯ್ತು. ಹಿತ್ತಲಿನ ಒಗೆಯುವ ಕೋಣೆ. ನಮ್ಮ ತಂಡದ ಹುಡುಗ ಹುಡುಗಿಯರಿಗೆ ಹಾಡು, ಆಟ, ಮಕ್ಕಳ ಜೊತೆ ಫೋಟೋ. ನನಗೆ ಸೋಪಿನ ನೀರು. ಅವರಿಟ್ಟ ಹೆಸರು ಗೊತ್ತಾ? ತಕ್ಕಡಿ ಅಂಕಲ್. ನನ್ನೆದುರಿಗೇ ಕರೀತಿದ್ದರು.

ನಗು, ನಗು. ನಿನಗೂ ಹಿಡಿಸಿತಲ್ಲ.

ಆ ಕೋಣೆಯಲ್ಲಿ ಒಬ್ಬಳೇ ಹೆಂಗಸು. ಅವರ ಭಾಷೆಯಲ್ಲಿ ದೊಡ್ಡಮ್ಮ ಅಂತಲೋ ಏನೋ ಎಲ್ಲರೂ ಕರೆಯೋದು, ನಾನೂ ಹಾಗೇ ಅನ್ನುತ್ತೇನೆ. ನನಗಿಂತ ಹತ್ತು ವರ್ಷ ದೊಡ್ಡವಳು, ಗೇಣುದ್ದದ ಜೀವ, ಮುಂಗೈ ಮಾತ್ರ ಕಬ್ಬಿಣ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಒಬ್ಬ ನರ್ಸು ಒಂದರಿಂದ ಮೂವತ್ತರವರೆಗೆ ಎಣಿಕೆ ಕಲಿಸಿದಳು, ಅಷ್ಟೇ. ಯಾಕೆಂದರೆ ವಾರ್ಡಿನಲ್ಲಿ ಮೂವತ್ತು ಹಾಸಿಗೆ, ಪ್ರತಿ ಶೀಟಿನ ಮೂಲೆಯಲ್ಲಿ ಕೆಂಪು ದಾರದಲ್ಲಿ ಹಾಸಿಗೆಯ ನಂಬರು. ಒಗೆದು, ಇಬ್ಬರೂ ಎರಡು ತುದಿ ಹಿಡಿದು ಹಿಂಡಿ, ನಂಬರಿನ ಪ್ರಕಾರ ಒಣಹಾಕಬೇಕು.

ಸರಿಯಾಗಿ ಹಿಡಿ, ಜಾರ್ತಿದೆ.

ಸುಲಭದ ಕೆಲಸ ಅಲ್ಲವಾ? ಅವಳು ಅದನ್ನ ಎಷ್ಟು ಕೆಡಿಸಿದಳು ಅಂತೀಯಾ! ಶೀಟು ಹಿಡಿಯೋದು, ನಂಬರು ಹೇಳೋದು. ಅಲ್ಲಿಗೆ ಸರಿ. ಆಮೇಲೆ ಹಿಂಡುತ್ತಾ ಹಿಂಡುತ್ತಾ ಏನೋ ಗೊಣಗಾಟ. ಗೊಣಗು ಮುಗಿಯೋವರೆಗೆ ಶೀಟು ಬಿಡೋಳಲ್ಲ. ನಾಲ್ಕನೇ ನಂಬರಿಗೆ ನಲವತ್ತು ಸೆಕೆಂಡು. ಹತ್ತೊಂಬತ್ತಕ್ಕೆ ಎರಡೂವರೆ ನಿಮಿಷ. ಅದೇ ಬಟ್ಟೆ, ಅದೇ ಅಳತೆ, ಅದೇ ನೀರು! ಹೌದು, ಗಡಿಯಾರ ಹಿಡಿದು ನೋಡಿದೆ. ನೋಡದೆ ಇರೋಕಾಗುತ್ತಾ? ನನ್ನ ಭುಜ ಬಿದ್ದು ಹೋಗ್ತಿತ್ತು. ಮಾರನೆಯ ವಾರ ಹತ್ತೊಂಬತ್ತು ಸಲೀಸಾಗಿ ಹೋಯ್ತು, ಆರು ಎಳೆದಾಡಿತು. ಒಂದು ನಿಯಮ ಇಲ್ಲ, ಒಂದು ಕ್ರಮ ಇಲ್ಲ.

ಇವೆಲ್ಲದರ ಮೇಲೆ ಆ ಹನ್ನೊಂದು. ಹನ್ನೊಂದನೇ ಹಾಸಿಗೆಯ ಮಂಚ ಮುರಿದು ಜಗಲಿಯ ಮೂಲೆಗೆ ಬಿದ್ದಿತ್ತು. ಅಂದಮೇಲೆ ಶೀಟು ಎಷ್ಟು? ಇಪ್ಪತ್ತೊಂಬತ್ತು. ಅವಳ ಎಣಿಕೆ ಎಷ್ಟು? ಮೂವತ್ತು. ಹತ್ತು ಆದ ಮೇಲೆ ಬರಿಗೈ ಚಾಚಿ ಹನ್ನೊಂದು ಅನ್ನೋಳು, ನೀನೂ ಹಿಡಿ ಅಂತ ನನಗೆ ಗಲ್ಲ ಆಡಿಸೋಳು. ಗಾಳಿ ಹಿಂಡೋಕೆ ನಾನು ಸಮುದ್ರ ದಾಟಿ ಹೋದೆನಾ? ಹಿಡೀಲಿಲ್ಲ. ಕೈಕಟ್ಟಿ ನಿಂತೆ. ದಿನಾ ನಿಂತೆ. ಅವಳು ಒಬ್ಬಳೇ ಗೊಣಗಿ ಮುಗಿಸಿ ಹನ್ನೆರಡಕ್ಕೆ ಹೋಗೋಳು. ಸಿಟ್ಟಿಲ್ಲ, ಸೆಡವಿಲ್ಲ. ಅದು ಇನ್ನೂ ಉರಿಸ್ತಿತ್ತು.

ಮೂರು ವಾರ ತಾಳಿದೆ. ಆಮೇಲೆ ಕ್ರಮದಂತೆ ಏನು ಮಾಡಬೇಕೋ ಅದನ್ನ ಮಾಡಿದೆ. ಒಂದು ಪುಟದ ವರದಿ ಬರೆದು ಮೇಟ್ರನ್ ಕೈಗೆ ಕೊಟ್ಟೆ. ಸಮಯ ಪೋಲು, ಎಣಿಕೆಯಲ್ಲಿ ದೋಷ, ವಯಸ್ಸಿನಿಂದ ಬುದ್ಧಿ ಮಂಕಾಗಿರಬಹುದು, ಬೇರೆ ಹಗುರ ಕೆಲಸ ಕೊಡುವುದು ಸೂಕ್ತ.

ಹಾಗೆ ನೋಡಬೇಡ. ತಪ್ಪು ಕಂಡರೆ ಬರೆಯೋದು ನನ್ನ ಧರ್ಮ. ಅಂಗಡಿಯವನು ನನ್ನ ಷಡ್ಡಕನೇ ಆಗಿದ್ದಾಗ ಬಿಟ್ಟೆನಾ?

ಮೇಟ್ರನ್ ಓದಿದರು. ಅವಳನ್ನ ಕರೆಸಿದರು, ಮಾತು ತಿಳಿಸೋಕೆ ಆ ನರ್ಸನ್ನೂ ಕರೆಸಿದರು. ನಾನು ಕುರ್ಚಿಯಲ್ಲಿ, ಅವಳು ಬಾಗಿಲ ಹತ್ತಿರ, ಒದ್ದೆ ಕೈ ಒರೆಸಿಕೊಳ್ಳುತ್ತಾ. ಏನು ಎಣಿಸ್ತೀಯಮ್ಮ ಅಂತ ಕೇಳಿದರು. ಅವಳು ಎಣಿಸ್ತಿರಲಿಲ್ಲ. ಪ್ರಾರ್ಥನೆ ಮಾಡ್ತಿದ್ದಳು. ಹಾಸಿಗೆ ಹಾಸಿಗೆಗೂ ಒಂದೊಂದು. ಹೆಸರು ಗೊತ್ತಿಲ್ಲ, ಅವಳನ್ನ ವಾರ್ಡಿನ ಒಳಗೆ ಬಿಡೋದಿಲ್ಲ, ಅವಳಿಗೆ ಸಿಗೋದು ಶೀಟು ಮಾತ್ರ. ಶೀಟಿನ ಕಲೆ ನೋಡಿದರೆ ಯಾರಿಗೆ ಹೆಚ್ಚಾಗಿದೆ ಅಂತ ತಿಳಿಯುತ್ತಂತೆ. ಹತ್ತೊಂಬತ್ತಕ್ಕೆ ಹೆಚ್ಚಾಗಿದ್ದ ವಾರ ಅಷ್ಟು ಹೊತ್ತು. ಅಂದರೆ... ಮೂರು ವಾರ ನಾನು ಇನ್ನೊಂದು ತುದಿ ಹಿಡಿದು ನಿಂತಿದ್ದು ಪ್ರಾರ್ಥನೆಗೆ. ಗಡಿಯಾರ ನೋಡುತ್ತಾ. ಇಪ್ಪತ್ತೆರಡು ವರ್ಷದಿಂದ ಸಭೆಯ ಹಿರಿಯ ನಾನು! ಪ್ರಾರ್ಥನೆ ಕಣ್ಣೆದುರಿಗಿದ್ದರೂ ಗುರುತು ಹಿಡೀಲಿಲ್ಲ.

ಸಾಕು, ಇದು ಹಿಂಡಿದ್ದಾಯ್ತು. ಹಗ್ಗದ ಮೇಲೆ ಹಾಕು. ಇನ್ನೊಂದು ತೆಗಿ.

ಏನು? ಹನ್ನೊಂದಾ? ಕೇಳ್ತೀಯಾ ಅಂತ ಗೊತ್ತಿತ್ತು. ಅದು ಏನೂ ಇಲ್ಲ... ಆ ಹಾಸಿಗೆಯಲ್ಲಿ ಹಿಂದೆ ಒಬ್ಬಳು ಹುಡುಗಿ ಇದ್ದಳಂತೆ. ಅರ್ಧ ವಾಸಿಯಾಗಿತ್ತು, ಒಂದು ದಿನ ಯಾರಿಗೂ ಹೇಳದೆ ಎದ್ದು ನಡೆದುಬಿಟ್ಟಳು. ನಾಲ್ಕು ವರ್ಷವಾಯ್ತು. ಆಮೇಲೆ ಮಂಚವೂ ಮುರೀತು. ನಾನು ಬಿಡಲಿಲ್ಲ, ನರ್ಸಿನ ಮೂಲಕ ಕೇಳಿಸಿದೆ: ಹೋದವಳಿಗೆ ಇನ್ನೇನು ಪ್ರಾರ್ಥನೆ, ಆಸ್ಪತ್ರೆಯ ಪುಸ್ತಕದಲ್ಲೇ ಅವಳ ಹೆಸರು ಹೊಡೆದು ಹಾಕಿದ್ದಾರೆ. ಅದಕ್ಕೆ ದೊಡ್ಡಮ್ಮ ಅಂದದ್ದು... ನರ್ಸು ಎರಡು ಸಲ ಹೇಳಿದಳು, ನನಗೆ ಕೇಳಿಸಲಿಲ್ಲ ಅಂದುಕೊಂಡು. "ಎದ್ದು ಹೋದಳು ಸರಿ. ತಲುಪಿದಳು ಅಂತ ಯಾರಾದರೂ ಬಂದು ಹೇಳಿದರಾ?"

ಅಷ್ಟೇ. ಮೇಟ್ರನ್ ವರದಿಯನ್ನ ಮಡಚಿ ನನಗೇ ವಾಪಸು ಕೊಟ್ಟರು. ಮಾರನೆಯ ದಿನ ಹತ್ತು ಆದ ಮೇಲೆ ನಾನೂ ಕೈ ಚಾಚಿದೆ. ಉಳಿದ ಐದು ವಾರವೂ. ಕತೆ ಮುಗೀತು. ಇದನ್ನ ಹತ್ತು ನಿಮಿಷದ ಸಾಕ್ಷಿ ಮಾಡೋದು ಹೇಗೆ ಅಂತ ನೀನೇ ಹೇಳು. ಹೋಗಿದ್ದು ಕಲಿಸೋಕೆ, ಕಲಿಸಿದವಳಿಗೆ ನನ್ನ ಹೆಸರೂ ಗೊತ್ತಿಲ್ಲ!

ಶೀಟು ಹಿಡಿದುಕೊಂಡೇ ನನ್ನ ಮುಖ ಯಾಕೆ ನೋಡ್ತೀಯಾ?

ಗೊತ್ತು ನೀನು ಏನು ಯೋಚಿಸ್ತಿದ್ದೀಯಾ ಅಂತ. ನಮ್ಮ ಮನೆಯ ಪ್ರಾರ್ಥನೆಯ ಪಟ್ಟಿಯಿಂದ ಮಗಳ ಹೆಸರು ತೆಗೆದವನು ನಾನು. ತುಂಬಿದ ಸಭೆಯಲ್ಲಿ, ದೃಢೀಕರಣದ ದಿನ, ನಂಬಿಕೆಯನ್ನ ಬಾಯಿಬಿಟ್ಟು ಒಪ್ಪಿಕೊಳ್ಳಬೇಕಾದ ಹೊತ್ತಿಗೆ, ಹಿರಿಯನ ಮಗಳು ಎದ್ದು ನಿಂತು, ನಾನು ನಂಬದ ಮಾತನ್ನ ನಂಬುತ್ತೇನೆ ಅಂತ ಹೇಳಲಾರೆ ಅಂದಳು. ನನ್ನ ತಲೆ ಎಲ್ಲಿಡಲಿ? ಪ್ರಾರ್ಥನೆಗೆ ಕೂರೋವರೆಗೆ ಈ ಹೊಸಿಲು ತುಳೀಬೇಡ ಅಂದೆ. ಆರು ವರ್ಷ. ಅವಳು ಸುಳ್ಳು ಹೇಳಲಿಲ್ಲ, ಅದು ನಿಜ. ತೂಕದಲ್ಲಿ ಮೋಸ ಮಾಡಲಿಲ್ಲ. ಆದರೂ... ಆಡಿದ ಮಾತು ಮಾತು. ಆಡಿದವನು ತಾನೇ ಮುರಿದರೆ ಯಾವ ಮುಖ ಇಟ್ಟುಕೊಂಡು...

ಏನದು? ಅಳ್ತಿದ್ದೀಯಾ? ತಿರುಗು ಈ ಕಡೆ. ಅಳ್ತಿಲ್ಲ. ನಗ್ತಿದ್ದೀಯಾ! ಇದರಲ್ಲಿ ನಗೋಕೆ ಏನಿದೆ?

ಏನೇ... ಹೇಳಬಾರದಾ?

ತಡಿ. ಆರು ವರ್ಷದಲ್ಲಿ ಒಂದು ದಿನವೂ ಮನೆಗೆ ಬರಲಾ ಅಂತ ಕೇಳಿದವಳಲ್ಲ ಅವಳು. ನನ್ನ ಮಗಳು, ಕೇಳೋ ಜಾತಿಯಲ್ಲ. ಈಗ ಯಾಕೆ ಕೇಳಿದಳು ಅಂತ ನಾನು ನಿನ್ನನ್ನ ಕೇಳಲಿಲ್ಲ. ಕೇಳೋ ಧೈರ್ಯ ಆಗಲಿಲ್ಲ. ನೀನೂ ಹೇಳಲಿಲ್ಲ. ಮೂರು ದಿನದಿಂದ ನಿನ್ನದು ಒಂದೇ ಮಾತು, ಬರಲಾ ಅಂತ ಕೇಳ್ತಿದ್ದಾಳೆ, ಬರಲಾ ಅಂತ ಕೇಳ್ತಿದ್ದಾಳೆ... ಅವಳು ಕೇಳಲೇ ಇಲ್ಲ, ಅಲ್ಲವಾ? ಬರ್ತೀನಿ ಅಂತಲೇ ಹೇಳಿದ್ದಾಳೆ. ನಿನಗೆ ಗೊತ್ತು. ಓದಿ ಹೇಳಿದಳಾ ನಿನಗೆ? ಫೋನಿನಲ್ಲಿ?

ಪೂರ್ತಿ?

ಹೂಂ. ಬರೆದೆ. ಆ ವರದಿ ವಾಪಸು ಬಂದ ದಿನವೇ ಅವಳಿಗೆ ಮನೆಗೆ ಬಾ ಅಂತ ಪತ್ರ ಬರೆದೆ, ಅದರ ಹಿಂಬದಿಯಲ್ಲೇ, ಬೇರೆ ಕಾಗದ ಹುಡುಕೋಕೆ ಹೋದರೆ ಮನಸ್ಸು ಬದಲಾಗುತ್ತೆ ಅಂತ. ನಾಲ್ಕು ಸಾಲು. ಐದನೆಯದನ್ನ ಹೊಡೆದು ಹಾಕಿದೆ. ಅದನ್ನೂ ಓದಿದಳಾ? ಬೆಳಕಿಗೆ ಹಿಡಿದು ಓದಿರಬೇಕು, ನನ್ನ ಮಗಳಲ್ಲವಾ. ಬಂದರೆ ಪ್ರಾರ್ಥನೆಗೆ ಕೂರಬೇಕು ಅಂತ ಬರೆದಿದ್ದೆ. ಆಮೇಲೆ ಹೊಡೆದೆ.

ನಿನಗೆ ಹೇಳಬಾರದು ಅಂತಲ್ಲ. ಕರೆದವನು ನಾನೇ ಅಂತ ಹೇಳೋಕೆ... ನಾಲಿಗೆ ಏಳಲಿಲ್ಲ. ನೀನು ಕೇಳಿದ್ದಕ್ಕೆ ಹೂಂ ಅಂತ ಒಂದು ಮಾತಿನಲ್ಲಿ ಒಪ್ಪಿಕೊಂಡರೆ ದೊಡ್ಡತನ ನನ್ನದೇ ಆಗಿ ಉಳಿಯುತ್ತಿತ್ತು. ಅದಕ್ಕೂ ಬಿಡಲಿಲ್ಲ ನೀನು.

ಎಷ್ಟು ಗಂಟೆಗೆ ಬರ್ತಾಳೆ? ಸುಮಾರು ಬೇಡ, ಸರಿಯಾಗಿ ಹೇಳು.

ಪ್ರಾರ್ಥನೆಗೆ ಕೂರಲ್ಲ ಅಂದಳಾ?

ಅಂದಳು. ನಿನ್ನ ಮುಖವೇ ಹೇಳ್ತಿದೆ... ಬೇಡ, ಕೂರೋದು ಬೇಡ. ನಾವಿಬ್ಬರೂ ಕೂತಾಗ ಅವಳು ಒಳಗೆ ಪಾತ್ರೆ ಸದ್ದು ಮಾಡಲಿ, ಬಾಗಿಲು ಬಡೀಲಿ, ಬೇಕಾದರೆ ರೇಡಿಯೋ ಹಾಕಿಕೊಳ್ಳಲಿ. ಬಂದು ತಲುಪಿದ್ದಾಳೆ ಅಂತ ನಮಗೆ ಕೇಳಿಸಿದರೆ ಸಾಕು.