ಪಾದ್ರಿ ದೊರೆಗಳ ರುಜು

ಹೂಂ, ನೀನೇ ಅಂದಿದ್ದು ಕೋನಪ್ಪಣ್ಣ. ಪಾದ್ರಿ ದೊರೆಗಳಿಗೆ ಅಡಿಗೆ ಮಾಡ್ತಾ, ಈರುಳ್ಳಿ ಹೆಚ್ಕೊಂಡು... 'ಬಂಗಲೆ ಕಸ ಗುಡಿಸೋ ವೆಂಕಟರತ್ನ ಮೈಕ್ರೋಸ್ಕೋಪು ನೋಡ್ತಾಳಂತೆ, ಇವಳ ಕೈಲಿ ಆದಂಗೇ' ಅಂತ. ಯಾಕೆ ನಗ್ತೀಯ? ಇಪ್ಪತ್ತೆರಡು ವರ್ಷ ಆಯ್ತು, ಮರೆತಿಲ್ಲ ನಾನು. ಈಗ ಶಿಡ್ಲಘಟ್ಟದಲ್ಲಿ ರೇಷ್ಮೆ ಮೊಟ್ಟೆ ಬೇಕು ಅಂದ್ರೆ ನನ್ನ ಮನೆಗೇ ಬರ್ತಾರೆ.

ಭಾನುವಾರನಾ... ಬರೋಕಾಗಲ್ಲಣ್ಣ. ಸಾದಲಿಯೋರಿಗೆ ಹೊಸ ವಾಚನಾಲಯಕ್ಕೆ ದೊರೆಗಳ ಪುಸ್ತಕ ಬೇಕಂತೆ, ಅದಕ್ಕೆ ಅವರ ಹೆಸರಿಡೋದು ಬೇಡವಂತೆ. ನಮ್ಮ ರೇಷ್ಮೆ ಹುಳ ಸಾಯಿಸಿದೋರು ಅಂತಾರಂತೆ. ನಾನು ಬಂದು ನಾಲ್ಕು ಮಾತು ಹೇಳಬೇಕು. ತಿಳೀತು. ಇಲ್ಲೇ ಹೇಳ್ತೀನಿ, ನೀನೇ ಹೋಗಿ ಹೇಳು.

ವಿಕ್ಟೋರಿಯಾ ರಾಣಿ ಇದ್ದಾಗ ಹಡಗು ಹತ್ತಿ ಬಂದೋರು. ಸಂತೆಯಲ್ಲಿ ಏಸುವಿನ ಮಾತು ಹೇಳಿ, ಮುಗಿದ ಮೇಲೆ ಅದೇ ಮೇಜಿನ ಮೇಲೆ ಮೈಕ್ರೋಸ್ಕೋಪು ಇಡೋರು. ಜನ ಕಾಯ್ತಿದ್ದದ್ದು ಅದಕ್ಕೇ, ಅವರಿಗೂ ಗೊತ್ತಿತ್ತು. ಮೊಟ್ಟೆ ಇಟ್ಟ ಚಿಟ್ಟೆಯನ್ನ ಅರೆದು, ಒಂದು ತೊಟ್ಟು ಗಾಜಿನ ಮೇಲೆ ಹಾಕಿ ನೋಡೋದು. ಹೊಳೆಯೋ ಚುಕ್ಕಿ ಕಂಡರೆ ಗಂಟುರೋಗ, ಮೊಟ್ಟೆಗೂ ಹತ್ತಿರುತ್ತೆ, ಸುಡಬೇಕು. ಕಾಣದಿದ್ರೆ ಮೊಟ್ಟೆ ಹಾಳೆ ಮೇಲೆ ಅವರ ರುಜು. ಅವರ ಕಣ್ಣು ಮಂಜಾದ ಮೇಲೆ ನಾನು ನೋಡಿ ಹೇಳ್ತಿದ್ದೆ, ಅವರು ರುಜು ಹಾಕ್ತಿದ್ರು. ಅಕ್ಷರ ಕಲಿಸಿದ್ದೂ... ಇಲ್ಲ, ಅದು ನಾನೇ ಕಲಿತಿದ್ದು, ಅವರು ಬಿಸಾಕಿದ ಕಾಗದಗಳಲ್ಲಿ.

ಆ ವರ್ಷ ಅವರ ರುಜು ಇದ್ದ ಮೊಟ್ಟೆ ತಗೊಂಡು ಸಾದಲಿಯ ಹದಿನಾಲ್ಕು ಮನೆಯಲ್ಲಿ ಹುಳ ಸತ್ತವು. ದೊರೆಗಳು ಸಂತೆಯಲ್ಲಿ ನಿಂತು 'ತಪ್ಪು ನನ್ನ ಕಣ್ಣಿನದು' ಅಂದ್ರು. ಆಮೇಲೆ ಅವರ ಮೇಜಿನ ಹತ್ತಿರ ಯಾರೂ ಸುಳೀಲಿಲ್ಲ. ಮಳೆಗಾಲ ಕಳೆಯೋದ್ರೊಳಗೆ ತೀರಿಹೋದ್ರು. ವಯಸ್ಸಾಗಿತ್ತಲ್ಲ... ಕಣ್ಣು ಕಾಣ್ತಿರಲಿಲ್ಲ, ಪಾಪ. ಅಷ್ಟು ಹೇಳು ಸಾಕು.

ಯಾಕೆ ಹಂಗೆ ನೋಡ್ತೀಯ?

ಇವತ್ತಿಗೂ ಒಂದು ಕಣ್ಣು ಮುಚ್ಚಿ ಬಗ್ಗಿದರೆ ಕತ್ತಿನ ಹಿಂದೆ ಅವರ ಉಸಿರು. ಹಟ್ಟಹಗಲಲ್ಲೇ ಕಣಣ್ಣ. 'ಏನು ಕಾಣುತ್ತಮ್ಮ?' ಅಂತಾರೆ. ಕಂಡಿದ್ದು ಕಂಡ ಹಾಗೇ ಹೇಳ್ತೀನಿ. ಆದರೂ ಮತ್ತೆ ಕೇಳ್ತಾರೆ, ಮತ್ತೆ ಕೇಳ್ತಾರೆ...

ಹಂಗೆ ನೋಡಬೇಡ. ಬೈಯೋದಾದ್ರೆ ಬೈಯಿ.

...ಆ ಹಾಳೆಗೆ ರುಜು ಬಿದ್ದ ದಿನ ನೀನು ಅಲ್ಲೇ ಇದ್ದೆ, ಅಲ್ವಾ. ದೊರೆಗಳಿಗೆ ಟೀ ತಂದಿದ್ದೆ. ನನ್ನ ಮುಖ ನೋಡಿದ್ದೆ.

ಹೂಂ. ಸಾದಲಿಗೆ ಹೋದ ಮೊಟ್ಟೆ ಇಟ್ಟಿದ್ದು ನಾನು ಸಾಕಿದ ಮೊದಲನೇ ಹುಳದ ಚಿಟ್ಟೆಗಳು. ಗಾಜಿನ ತುಂಬಾ ಚುಕ್ಕಿ. ಮೊಟ್ಟೆ ಸುಟ್ಟರೆ ನೀವೆಲ್ಲ 'ಇವಳ ಕೈಲಾಗಲ್ಲ, ಹೇಳಲಿಲ್ವಾ' ಅಂತೀರಿ ಅಂತ... 'ಏನೂ ಇಲ್ಲ ದೊರೆ' ಅಂದೆ. ಪೆನ್ನು ಮಸಿಯಲ್ಲಿ ಅದ್ದಿ ಕೈಗೆ ಕೊಟ್ಟೆ. ಹುಳ ಸತ್ತ ಮೇಲೆ ಅವರು 'ಯಾಕಮ್ಮ' ಅಂತ ನನ್ನನ್ನ ಒಂದು ಮಾತೂ ಕೇಳಲಿಲ್ಲ. ಆಗ ಕೇಳಲಿಲ್ಲ ಕಣಣ್ಣ.

ಈ ಮನೆ ನಂದು. ಹಿಂದಿನ ಹಿಪ್ಪುನೇರಳೆ ತೋಟ ನಂದು. ಹೊರಗೆ ಬೋರ್ಡಿನ ಮೇಲಿರೋ ಹೆಸರು ನಂದು. ಇಷ್ಟೂ ನಂದಾಗೋಕೆ ಅವರ ಹೆಸರು ಹೋಯ್ತು.